ಮೂವತ್ತೊಂದನೇ ಪ್ರಶ್ನೆ

ಬೇರೆಯವರ ಕಷ್ಟಕ್ಕೆ ಅಂಕ ಹಾಕುವುದೂ ಒಂದು ಕೆಲಸವೇ ಎಂದು ನೀವು ಮೂಗು ಮುರಿಯಬಹುದು. ಕೆಲಸವೇ, ಸ್ವಾಮಿ. ಅದಕ್ಕೂ ಓದಬೇಕು, ಅದಕ್ಕೂ ಪರೀಕ್ಷೆ ಬರೆಯಬೇಕು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕಿರುಕೋಣೆಯಲ್ಲಿ ಕೂತು ಅವಳು ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದುದು ಅದನ್ನೇ. ರೋಗಿಗಳು ಅವಳಿಗೆ ಅಂಕದಕ್ಕ ಎಂದು ಹೆಸರಿಟ್ಟಿದ್ದರು. ಮೊದಮೊದಲು ಅವಳಿಗೆ ಮೈ ಉರಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು, ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಆ ಮಹಡಿಗೆ ಬರುವವರೆಲ್ಲ ಪಾರ್ಕಿನ್ಸನ್ ಕಾಯಿಲೆಯವರು. ಮಾತ್ರೆ ನುಂಗಿ ನುಂಗಿ ಸಾಕಾಗಿ, ನಡುಕ ಮಾತ್ರ ಜಗ್ಗದಿದ್ದಾಗ, ತಲೆಬುರುಡೆಗೆ ಎರಡು ತೂತು ಕೊರೆದು ಮಿದುಳಿನ ಆಳಕ್ಕೆ ಸಣ್ಣ ತಂತಿ ಇಳಿಸುತ್ತಾರೆ. ಎದೆಯ ಚರ್ಮದಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿ ಕೂರಿಸುತ್ತಾರೆ. ಕರೆಂಟು ಹರಿಯಿತೋ, ವರ್ಷಗಟ್ಟಲೆ ನಡುಗಿದ ಕೈ ಗಪ್ಪನೆ ನಿಲ್ಲುತ್ತದೆ. ಮನೆಯವರು ಅಳುತ್ತಾರೆ, ಡಾಕ್ಟರು ನಗುತ್ತಾರೆ, ಯಾರಾದರೊಬ್ಬರು ಫೋಟೋ ತೆಗೆಯುತ್ತಾರೆ. ಅದೆಲ್ಲ ಮುಗಿದ ಮೇಲೆ, ಮನೆಗೆ ಹೋಗಿ ಆರು ತಿಂಗಳಾದ ಮೇಲೆ, ಏನಪ್ಪಾ ಹೇಗಿದ್ದೀಯ ಎಂದು ಕೂರಿಸಿ ಕೇಳುವವಳು ನಮ್ಮ ಅಂಕದಕ್ಕ.

ಬರೀ ಹೇಗಿದ್ದೀಯ ಅಲ್ಲ, ನಲವತ್ತು ಪ್ರಶ್ನೆ. ಮಾತು ತೊದಲುತ್ತದೆಯೇ, ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆಯೇ, ಕಾರಣವಿಲ್ಲದೆ ಸಿಟ್ಟು ಬರುತ್ತದೆಯೇ, ಎದೆಯ ಪೆಟ್ಟಿಗೆ ಚುಚ್ಚುತ್ತದೆಯೇ. ಕೆಲವರು ಕಾಗದ ತೆಗೆದುಕೊಂಡು ತಾವೇ ಟಿಕ್ ಹಾಕುತ್ತಾರೆ, ಕೆಲವರಿಗೆ ಓದಿ ಕೇಳಬೇಕು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರ ತನಕ ಅಂಕ. ಸೊನ್ನೆ ಎಂದರೆ ಇಲ್ಲವೇ ಇಲ್ಲ, ನಾಲ್ಕು ಎಂದರೆ ಯಾವಾಗಲೂ. ಮೊದಲೆಲ್ಲ ಬೇರೆಯವರು ಮಾಡಿದ ಪಟ್ಟಿಗಳಲ್ಲೇ ಕೆಲಸ ಸಾಗುತ್ತಿತ್ತು, ಈ ಪಟ್ಟಿಯನ್ನು ಮಾತ್ರ ಅವಳೇ ಈಚೆಗೆ ಎರಡು ವರ್ಷ ಒದ್ದಾಡಿ ಕಟ್ಟಿದ್ದಳು. ಆಪರೇಷನ್ ಆದವರ ಕಷ್ಟ ಇಷ್ಟೇ ಇಷ್ಟು ಎಂದು ಅಳೆದು ತೋರಿಸುವ ಪಟ್ಟಿ ಅದುವರೆಗೆ ಆ ಆಸ್ಪತ್ರೆಯಲ್ಲಿ ಇರಲಿಲ್ಲ, ಹಾಗಾಗಿ ಅವಳಿಗೆ ಅದರ ಮೇಲೆ ಹೆತ್ತ ಮಗುವಿನಷ್ಟು ಅಕ್ಕರೆ.

ಇಂಥ ಪಟ್ಟಿಗಳಿಗೆ ಒಂದು ತಾಪತ್ರಯವಿದೆ. ಹತ್ತು ಪ್ರಶ್ನೆ ದಾಟುವಷ್ಟರಲ್ಲಿ ಜನಕ್ಕೆ ಬೇಸರ ಬಂದು, ಓದದೆಯೇ ಸಾಲಾಗಿ ಟಿಕ್ ಹಾಕಿ ಎದ್ದುಬಿಡುತ್ತಾರೆ. ಅಂಥವರನ್ನು ಹಿಡಿಯುವುದಕ್ಕೆ ಈ ಕಸುಬಿನವರು ನಡುವೆ ಎಲ್ಲೋ ಒಂದು ಬಲೆ ಇಡುತ್ತಾರೆ. ಅಂದರೆ ಬುದ್ಧಿ ನೆಟ್ಟಗಿರುವ ಯಾರೂ ಹೌದು ಎನ್ನಲಾಗದ ಒಂದು ಪ್ರಶ್ನೆ. ಅದಕ್ಕೆ ಹೌದು ಎಂದವರು ಓದದೆ ತುಂಬಿದ್ದಾರೆ ಎಂದೇ ಲೆಕ್ಕ. ಆ ಕಾಗದ ಪೂರ್ತಿ ಬದಿಗೆ, ಅದರಲ್ಲಿ ಹೇಳಿದ ಕಷ್ಟವೆಲ್ಲ ಕಸ.

ಅಂಕದಕ್ಕನ ಬಲೆ ಮೂವತ್ತೊಂದನೇ ಪ್ರಶ್ನೆ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಏನು ಬರೆಯಲಿ ಎಂದು ಪೆನ್ನು ಕಚ್ಚುತ್ತ ಕೂತಿದ್ದಾಗ ತಲೆಗೆ ಹೊಳೆದದ್ದನ್ನು ಹಾಗೇ ಗೀಚಿದ್ದಳು: 'ನನ್ನ ಎಡಗಡೆ ಯಾರೋ ಬಂದು ಕೂತಿರುತ್ತಾರೆ.' ಯಾರು ತಾನೆ ಇದಕ್ಕೆ ಹೌದು ಎಂದಾರು! ಪಟ್ಟಿಯನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟಳು, ಅವರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು, ಪಟ್ಟಿ ಅಚ್ಚಿಗೆ ಹೋಯಿತು.

ಮೊದಲ ಐವತ್ತು ಜನರಲ್ಲಿ ಹನ್ನೊಂದು ಮಂದಿ ಮೂವತ್ತೊಂದಕ್ಕೆ ನಾಲ್ಕು ಹಾಕಿದ್ದರು. ಅಂಕದಕ್ಕ ಬೈದುಕೊಳ್ಳುತ್ತ ಆ ಹನ್ನೊಂದನ್ನೂ ರದ್ದಾದ ಕಾಗದಗಳ ಕೆಂಪು ಚೀಲಕ್ಕೆ ಹಾಕಿದಳು. ಇಷ್ಟು ಜನ ಕಣ್ಣು ಮುಚ್ಚಿಕೊಂಡು ತುಂಬುತ್ತಾರೆಂದರೆ ಇವರಿಗೆ ಏನು ಹೇಳುವುದು ಎಂದು ಅವಳಿಗೆ ತಲೆ ಬಿಸಿಯಾಯಿತು. ಆದರೆ ಚೀಲದ ಬಾಯಿ ಕಟ್ಟುವಾಗ ಮೇಲಿದ್ದ ಕಾಗದದ ಅಕ್ಷರ ನೋಡಿ ಕೈ ನಿಂತಿತು. ಅದು ಟೀಚರಮ್ಮನದು. ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದವರು. ಹದಿನೇಳನೇ ಪ್ರಶ್ನೆಯಲ್ಲಿದ್ದ ಅಚ್ಚಿನ ತಪ್ಪನ್ನು ತಿದ್ದಿ, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದ್ದ ಹೆಂಗಸು. ಅವರು ಓದದೆ ಟಿಕ್ ಹಾಕಿದರು ಎಂದರೆ ಯಾರು ನಂಬುತ್ತಾರೆ?

ಮರುದಿನ ಬೆಳಿಗ್ಗೆ ಅಂಕದಕ್ಕ ಟೀಚರಮ್ಮನ ಮನೆಯ ಬೆಲ್ ಒತ್ತಿದಳು. ಎರಡನೇ ಮಹಡಿಯ ಚೊಕ್ಕಟವಾದ ಎರಡು ಕೋಣೆ. ಟೀಚರಮ್ಮನೇ ಬಾಗಿಲು ತೆಗೆದರು, ಬೀಗ ತಿರುಗಿಸಿದ ಕೈ ಒಂದಿಷ್ಟೂ ಅಲುಗಲಿಲ್ಲ. ಸೋಫಾದಲ್ಲಿ ಕೂರುವಾಗ ಮಾತ್ರ ಬಲತುದಿಗೆ ಒತ್ತಿಕೊಂಡು ಕೂತರು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟರು. ಅಂಕದಕ್ಕ ಅಲ್ಲಿ ಕೂರಲು ಹೋದಾಗ ಬೇಡಮ್ಮ, ಆ ಕುರ್ಚಿ ಎಳೆದುಕೋ ಎಂದರು, ಬಲು ಸಹಜವಾಗಿ.

ಅಂಕದಕ್ಕ ಕಾಗದ ತೆಗೆದು ತೋರಿಸಿದಳು. ಇದು ತಪ್ಪಿ ಆದದ್ದಲ್ಲವೇ ಎಂದಳು. ತಪ್ಪಿ ಯಾಕೆ ಆಗುತ್ತದೆ ಎಂದು ಟೀಚರಮ್ಮ ಕನ್ನಡಕ ಏರಿಸಿದರು. ಹೌದು, ಒಬ್ಬರು ಇದ್ದಾರೆ. ತಿರುಗಿ ನೋಡಿದರೆ ಕಾಣುವುದಿಲ್ಲ, ಆದರೆ ಇದ್ದಾರೆ ಎಂದು ಗೊತ್ತಾಗುತ್ತದೆ. ಮುಖವಿಲ್ಲ, ಮಾತಿಲ್ಲ, ಉಪದ್ರವವೂ ಇಲ್ಲ. ಯಾವಾಗಿನಿಂದ ಎಂದು ಅಂಕದಕ್ಕ ಕೇಳಿದಳು.

"ನೀನು ಕೇಳೋ ತನಕ ಗೊತ್ತಿರಲಿಲ್ಲ ಕಣಮ್ಮ. ನೀನು ಕೇಳಿದೆ, ಹಾಗಾದ್ರೆ ನೋಡೋಣ ಅಂತ ಗಮನ ಕೊಟ್ಟೆ. ಇದ್ದರು."

ಅಂಕದಕ್ಕ ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಎದ್ದು ಹೊರಡುವ ಹೊತ್ತಿಗೆ ಟೀಚರಮ್ಮ ದನಿ ತಗ್ಗಿಸಿ, ಪಾಪ, ಅವರಿಗೆ ಕೈ ತುಂಬ ನಡುಗುತ್ತದೆ, ಸಹಿಸಲಾಗುವುದಿಲ್ಲ ಎಂದರು. ನನಗಾಗುತ್ತಿತ್ತಲ್ಲ, ಅದೇ ನಡುಕ, ಹೆಬ್ಬೆರಳು ತೋರುಬೆರಳಿಗೆ ಉಜ್ಜುವುದು ಕೂಡ ಹಾಗೇ.

ಅಂಕದಕ್ಕ ಇನ್ನೂ ನಾಲ್ಕು ಮನೆಗೆ ಹೋದಳು. ಬಸ್ಸು ಓಡಿಸುತ್ತಿದ್ದ ಒಬ್ಬ ಆಸಾಮಿ, ಅಂಗಳದ ಕಟ್ಟೆಯ ಮೇಲೆ ಬಲಕ್ಕೆ ಸರಿದು ಕೂತವನು, ಎಡಗಡೆಯವನು ಅಂಗಿಯ ಗುಂಡಿ ಹಾಕಿಕೊಳ್ಳಲು ಅರ್ಧ ಗಂಟೆ ಒದ್ದಾಡುತ್ತಾನೆ, ಸಹಾಯ ಮಾಡೋಣವೆಂದರೆ ಕೈಗೆ ಸಿಗುವುದಿಲ್ಲ ಎಂದು ಪೇಚಾಡಿದ. ಒಬ್ಬಾಕೆ ತನ್ನ ಎಡಗಡೆಯವರಿಗೆ ಮೆಟ್ಟಿಲು ಹತ್ತಲು ಕಷ್ಟ ಎಂದು ಕೆಳಗಿನ ಮನೆಗೆ ಬಾಡಿಗೆಗೆ ಹೋಗಿದ್ದಳು. ಯಾರಿಗೂ ಹೆದರಿಕೆಯಿಲ್ಲ. ಎಲ್ಲರಿಗೂ ಅಯ್ಯೋ ಪಾಪ ಎಂಬ ಮರುಕ. ಎಲ್ಲ ಕಡೆಯೂ ಎಡಗಡೆಯವರಿಗೆ ನಡುಕ. ಹೆದರಿಕೆ ಇದ್ದದ್ದು ಅಂಕದಕ್ಕನಿಗೆ ಒಬ್ಬಳಿಗೇ. ಅವಳು ಕೂತ ಕುರ್ಚಿಯಲ್ಲಿ ತಾನೂ ಒಂದಿಷ್ಟು ಬಲಕ್ಕೆ ಸರಿದಿದ್ದೇನೆ ಎಂದು ಗೊತ್ತಾದಾಗ ನಾಲಿಗೆ ಕಚ್ಚಿಕೊಂಡಳು.

ದೊಡ್ಡ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಪೂರ್ತಿ ಕೇಳಿ ಹಣೆ ಚಚ್ಚಿಕೊಂಡರು. ಯಾರೋ ಪಕ್ಕದಲ್ಲಿದ್ದಾರೆ ಅನ್ನಿಸುವುದು ಈ ಕಾಯಿಲೆಯಲ್ಲಿ ಇದ್ದದ್ದೇ, ಪುಸ್ತಕದಲ್ಲೇ ಇದೆ. ನೂರು ಸುಳ್ಳು ಹುಡುಕಬಹುದಿತ್ತು, ಹೋಗಿ ಹೋಗಿ ಇದನ್ನೇ ಬಲೆಗೆ ಹಾಕಿದೆಯಲ್ಲ, ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದರು. ನಿಮಗೇ ಕೊಟ್ಟಿದ್ದೆ ಸರ್, ಸಹಿ ನಿಮ್ಮದೇ ಇದೆ ಎಂದಳು ಅಂಕದಕ್ಕ. ಅವರು ಕೆಮ್ಮಿ ಕಿಟಕಿಯ ಕಡೆ ನೋಡಿದರು. ಎಲ್ಲರಿಗೂ ಒಂದೇ ನಡುಕ ಯಾಕೆ ಎಂದು ಕೇಳಿದ್ದಕ್ಕೆ ಒಬ್ಬರಿಂದೊಬ್ಬರಿಗೆ ಮಾತು ಹರಡಿರುತ್ತದೆ, ಕಾಯುವ ಕೋಣೆಯಲ್ಲಿ ಅವರಿಗೆ ಬೇರೆ ಕೆಲಸ ಏನಿದೆ ಎಂದರು. ಪ್ರಶ್ನೆಯನ್ನು ತೆಗೆದುಬಿಡೋಣವೇ ಎಂದರೆ ಅದೂ ಆಗುವುದಿಲ್ಲವಂತೆ. ಈ ಪಟ್ಟಿಯಿಂದ ನಡೆಸುವ ಅಧ್ಯಯನ ಶುರುವಾದ ಮೇಲೆ ಕೊನೆಯ ರೋಗಿಯ ತನಕ ಒಂದು ಅಕ್ಷರವೂ ಬದಲಾಗಕೂಡದು. ಅದು ಅವಳಿಗೂ ಗೊತ್ತಿದ್ದ ನಿಯಮವೇ.

ಅದೇ ವಾರ ಟೀಚರಮ್ಮ ಕಾಣೆಯಾದರು. ಮೂರು ಗಂಟೆ ಹುಡುಕಿದ ಮೇಲೆ ನಡುಮಧ್ಯಾಹ್ನದ ಬಿಸಿಲಿನಲ್ಲಿ, ಆಸ್ಪತ್ರೆಗೆ ಬರುವ ಬಸ್ಸಿನ ನಿಲ್ದಾಣದಲ್ಲಿ ಸಿಕ್ಕರು. ಬೆಂಚಿನ ಬಲತುದಿಯಲ್ಲಿ ಕೂತಿದ್ದರು. ಬಂದ ಬಸ್ಸನ್ನೆಲ್ಲ ಬಿಟ್ಟಿದ್ದರು, ಯಾಕೆಂದರೆ ಯಾವುದರಲ್ಲೂ ಎರಡು ಸೀಟು ಜೊತೆಗೆ ಖಾಲಿ ಇರಲಿಲ್ಲ. ಬಿಸಿಲಿಗೆ ಮುಖ ಕೆಂಪೇರಿ, ತುಟಿ ಒಡೆದಿತ್ತು. ಎಲ್ಲಿಗೆ ಹೊರಟಿದ್ದಿರಿ ಎಂದು ಅಂಕದಕ್ಕ ಕೇಳಿದಾಗ, ಪೆದ್ದು ಮಗುವಿಗೆ ಹೇಳುವಷ್ಟು ತಾಳ್ಮೆಯಿಂದ ಹೇಳಿದರು.

"ಇವರಿಗೂ ಒಂದು ಆಪರೇಷನ್ ಮಾಡಿಸೋಣ ಅಂತ ಕರ್ಕೊಂಡು ಬರ್ತಿದ್ದೆ. ನಾನೊಬ್ಬಳೇ ಸುಖವಾಗಿರೋದು ಸರಿ ಕಾಣಲಿಲ್ಲ."

ಇದಾದ ಮೇಲೆ ದೊಡ್ಡ ಡಾಕ್ಟರು ಒಂದು ಕಟ್ಟುನಿಟ್ಟು ಮಾಡಿದರು. ಮೂವತ್ತೊಂದಕ್ಕೆ ಯಾರೇ ಹೌದು ಎಂದರೂ ಕೆಂಪು ಚೀಲವಿಲ್ಲ, ನೇರ ತಮ್ಮ ಬಳಿಗೆ ಬರಬೇಕು. ಕರೆಂಟು ಕಮ್ಮಿ ಮಾಡುತ್ತೇವೆ, ಕಮ್ಮಿಯಾದರೆ ಎಡಗಡೆಯವರು ಹೋಗುತ್ತಾರೆ. ನಡುಕ ಮರಳಿ ಬಂದರೆ ಬರಲಿ, ಬಿಸಿಲಿನಲ್ಲಿ ಸಾಯುವುದಕ್ಕಿಂತ ವಾಸಿ. ಟೀಚರಮ್ಮನ ಕರೆಂಟು ಮೊದಲು ಇಳಿಯಿತು. ಮುಂದಿನ ಸಲ ಬಂದಾಗ ಅವರ ಅಕ್ಷರ ಕಾಗದದ ಮೇಲೆ ಇರುವೆ ಹರಿದ ಹಾಗೆ ಆಗಿತ್ತು. ಸೀರೆಯ ಸೆರಗಿಗೆ ಬೇರೆ ಯಾರೋ ಪಿನ್ನು ಹಾಕಿಕೊಟ್ಟಿದ್ದರು. ಅಂಕದಕ್ಕ ಅವರ ಕಣ್ಣು ನೋಡಲಾರದೆ ಹೋದಳು.

ಇಲ್ಲಿಯ ತನಕ ನಾನು ಹೇಳದೆ ಇಟ್ಟ ಒಂದು ಮಾತಿದೆ. ಈಗ ಹೇಳಲೇಬೇಕು. ಅಂಕದಕ್ಕನ ಅಪ್ಪನಿಗೂ ಇದೇ ಆಪರೇಷನ್ ಆಗಿತ್ತು. ಅವನಿಗೆ ಆರು ತಿಂಗಳು ತುಂಬುವುದಕ್ಕೆ ಇನ್ನು ಹದಿನೈದು ದಿನ ಬಾಕಿ.

ಅಪ್ಪ ಗಡಿಯಾರ ರಿಪೇರಿಯವನು. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿದ ಕೈ ಅದು. ಕಾಯಿಲೆ ಬಂದ ಮೇಲೆ ಆರು ವರ್ಷ ಆ ಕೈಗಳನ್ನು ತೊಡೆಯಡಿ ಇಟ್ಟುಕೊಂಡು, ಮಗಳ ಮನೆಯ ಕಿಟಕಿಯ ಬಳಿ ಸುಮ್ಮನೆ ಕೂತಿದ್ದ. ಬಂದವರ ಎದುರು ಕೈ ಹೊರಗೆ ತೆಗೆಯುತ್ತಿರಲಿಲ್ಲ. ಸಾಯುವುದಕ್ಕೆ ಹೆದರಿಕೆಯಿಲ್ಲ ಪುಟ್ಟಿ, ಕೈ ಇದ್ದೂ ಇಲ್ಲದ ಹಾಗೆ ಬದುಕುವುದಕ್ಕೆ ನಾಚಿಕೆ ಎಂದು ಒಮ್ಮೆ ಹೇಳಿದ್ದ. ಕರೆಂಟು ಹರಿದ ದಿನ ಅವನು ಅಳಲಿಲ್ಲ, ನಗಲಿಲ್ಲ. ಮನೆಗೆ ಬಂದು ಹಳೆಯ ಪೆಟ್ಟಿಗೆ ತೆಗೆದು, ಚಿಮಟಗಳನ್ನು ಒಂದೊಂದಾಗಿ ಒರೆಸಿದ. ಮೂರನೇ ವಾರಕ್ಕೆ ಗಿರಾಕಿಗಳು ಬರತೊಡಗಿದರು. ಬೆಳಿಗ್ಗೆ ಎದ್ದು ಅವನು ಹಾಡು ಗುನುಗುವುದನ್ನು ಕೇಳಿ ಅಂಕದಕ್ಕ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದಳು.

ಆ ಕೈಗಳನ್ನು ಮತ್ತೆ ಕಸಿದುಕೊಳ್ಳುವುದೇ? ಅದೂ ತಾನೇ ಗೀಚಿದ ಒಂದು ತಲೆಕೆಟ್ಟ ವಾಕ್ಯದಿಂದ? ಕೇಳಿದರೆ ತಾನೆ ಗಮನ ಕೊಡುತ್ತಾರೆ, ಗಮನ ಕೊಟ್ಟರೆ ತಾನೆ ಬಂದು ಕೂರುತ್ತಾರೆ. ಅಪ್ಪನಿಗೆ ಆ ಪ್ರಶ್ನೆಯ ಗಾಳಿಯೂ ಸೋಕಬಾರದು ಎಂದು ಅವಳು ನಿಶ್ಚಯಿಸಿದಳು. ಹದಿನಾಲ್ಕು ವರ್ಷದಲ್ಲಿ ಒಂದು ಅಂಕ ಆಚೀಚೆ ಮಾಡದವಳು, ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ಒಂದು ಪ್ರತಿಯನ್ನು ಬೇರೆಯಾಗಿ ಅಚ್ಚು ಮಾಡಿದಳು. ಮೂವತ್ತೊಂದರ ಜಾಗದಲ್ಲಿ 'ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆ' ಎಂದು ಬರೆದಳು. ಕಾಗದದ ಬಣ್ಣ ಅದೇ, ಅಕ್ಷರ ಅದೇ, ಯಾರಪ್ಪನಿಗೂ ಗೊತ್ತಾಗುವಂತಿರಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಅಪ್ಪ ಕೆಲಸದ ಮೇಜಿನ ಮುಂದೆ ಕೂತಿದ್ದ. ಸ್ಟೂಲನ್ನು ಒಂದು ಮೊಳ ಬಲಕ್ಕೆ ಸರಿಸಿಕೊಂಡಿದ್ದ.

ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಳಕಿಗೆ ಸರಿದಿರಬಹುದು. ಮೇಜಿನ ಕಾಲು ಅಲುಗುತ್ತಿರಬಹುದು. ಹೊಟ್ಟೆಪಾಡಿಗೆ ಊರವರನ್ನೆಲ್ಲ ಪ್ರಶ್ನೆ ಕೇಳುವವಳು ಅಪ್ಪನನ್ನು ಮಾತ್ರ ಏನೂ ಕೇಳಲಿಲ್ಲ. ಅಂದು ಕೇಳಲಿಲ್ಲ, ಮರುದಿನ ಕೇಳಲಿಲ್ಲ, ಹದಿನೈದು ದಿನವೂ ಬಾಯಿ ಬಿಡಲಿಲ್ಲ. ಕಸ ಗುಡಿಸುವಾಗ ಸ್ಟೂಲನ್ನು ಮಾತಿಲ್ಲದೆ ನಡುವಿಗೆ ಎಳೆದಿಡುತ್ತಿದ್ದಳು. ಮಧ್ಯಾಹ್ನ ನೋಡಿದರೆ ಅದು ಮತ್ತೆ ಬಲಕ್ಕೆ ಸರಿದಿರುತ್ತಿತ್ತು.

ಆ ದಿನ ಬಂತು. ಸ್ವಂತದವರನ್ನು ಸ್ವಂತದವರು ಕೇಳಬಾರದೆಂಬ ನಿಯಮವಿದ್ದುದರಿಂದ ಅಪ್ಪನನ್ನು ಕೇಳಲು ನರ್ಸಮ್ಮ ಕೂತರು. ಅವರು ಆ ಮಹಡಿಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು, ಅಕ್ಷರ ಬಿಡದೆ ಓದುವವರು. ಅಂಕದಕ್ಕ ಬೇರೆ ಪ್ರತಿಯನ್ನೇ ಅವರ ಕೈಗೆ ಕೊಟ್ಟಳು. ರೋಗಿಯ ಮನೆಯವರು ಪಕ್ಕದ ಕೋಣೆಯಲ್ಲಿ ಕೂತು ತಮ್ಮದೇ ಒಂದು ಪಟ್ಟಿ ತುಂಬಬೇಕು, ಆಮೇಲೆ ಎರಡನ್ನೂ ಹೋಲಿಸಿ ನೋಡುತ್ತಾರೆ. ಆ ಪಟ್ಟಿಯಲ್ಲೂ ಮೂವತ್ತೊಂದು ಇತ್ತು: 'ಎಡಗಡೆ ಯಾರೋ ಇದ್ದಾರೆ ಎಂಬಂತೆ ಅವರು ನಡೆದುಕೊಳ್ಳುತ್ತಾರೆ.' ಅಂಕದಕ್ಕ ಸೊನ್ನೆಗೆ ಟಿಕ್ ಹಾಕಿದಳು. ಹಾಕಿದ ಮೇಲೆ ಪೆನ್ನು ಒತ್ತಿ ಇನ್ನೊಮ್ಮೆ ಹಾಕಿದಳು, ಕಾಗದ ತೂತಾಯಿತು.

ಗೋಡೆಯಾಚೆಯಿಂದ ನರ್ಸಮ್ಮನ ದನಿ ಕೇಳುತ್ತಿತ್ತು. ಇಪ್ಪತ್ತೊಂಬತ್ತು, ಸೊನ್ನೆ. ಮೂವತ್ತು, ಒಂದು. ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆ ಎಂದಾಗ ಅವಳು ಗೋಡೆಯ ಕಡೆ ಕಿವಿ ಕೊಟ್ಟಳು. ಅಪ್ಪ ಇಲ್ಲಮ್ಮ, ಸೊನ್ನೆ ಎಂದ. ಮೂವತ್ತೆರಡು ಶುರುವಾಯಿತು. ಅಂಕದಕ್ಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಗೆದ್ದೆ ಎಂದುಕೊಂಡಳು.

ನಲವತ್ತು ಮುಗಿದ ಮೇಲೆ ಪಟ್ಟಿಯ ಕೊನೆಯಲ್ಲಿ ಅಂಕವಿಲ್ಲದ ಒಂದು ಸಾಲು ಇರುತ್ತದೆ. ಸೌಜನ್ಯಕ್ಕೆ ಹಾಕುವ ಸಾಲು, ನೂರಕ್ಕೆ ತೊಂಬತ್ತು ಜನ ಏನಿಲ್ಲ ಎಂದು ಎದ್ದುಹೋಗುತ್ತಾರೆ: 'ನಾವು ಕೇಳದೆ ಬಿಟ್ಟದ್ದು ಏನಾದರೂ ಇದೆಯೇ?' ನರ್ಸಮ್ಮ ಅದನ್ನೂ ಓದಿದರು. ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಬಾಗಿಲು ತೆರೆದು ನರ್ಸಮ್ಮ ತಲೆ ಹಾಕಿದರು. ನಿಮ್ಮಪ್ಪ ಏನೋ ಹೇಳಬೇಕಂತೆ, ನೀವೂ ಇರಬೇಕಂತೆ ಎಂದರು.

ಅಪ್ಪ ಬಲಕ್ಕೆ ಸರಿದು ಕೂತಿದ್ದ. ಅವನ ಎಡಗಡೆ ಇನ್ನೊಂದು ಕುರ್ಚಿ ಇತ್ತು. ನರ್ಸಮ್ಮ ಹಾಕಿದ್ದಲ್ಲ, ಅವನೇ ಗೋಡೆಯ ಬಳಿಯಿಂದ ಎಳೆದುಕೊಂಡದ್ದು. ಜೇಬಿನಿಂದ ಒಂದು ಕೈಗಡಿಯಾರ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ ಮಗಳ ಅಂಗೈಯಲ್ಲಿಟ್ಟ. ರಿಪೇರಿ ಮಾಡಿದವರು ಮುಚ್ಚಳದ ಒಳಮೈಯಲ್ಲಿ ತಮ್ಮ ಗುರುತು ಗೀಚುವುದು ಆ ಕಸುಬಿನ ಪದ್ಧತಿ. ಅಪ್ಪನದು ಎರಡು ಗೆರೆ, ಅಡ್ಡಕ್ಕೊಂದು ಗೆರೆ. ಅವಳು ಹುಟ್ಟಿದಾಗಿನಿಂದ ನೋಡಿದ ಗುರುತು. ಅದು ಇತ್ತು, ಗೆರೆ ಎಳೆದಂತೆ ನೆಟ್ಟಗೆ. ಅದರ ಎಡಗಡೆ ಅದೇ ಗುರುತು ಇನ್ನೊಂದು ಇತ್ತು. ಅಂಕುಡೊಂಕಾಗಿ, ಜಾರಿ ಜಾರಿ, ಮೂರು ಸಲ ಪ್ರಯತ್ನಪಟ್ಟು ಗೀಚಿದ್ದು.

"ಆರು ವರ್ಷ ಈ ನಡುಕ ನನ್ನ ಹತ್ರ ಇತ್ತು" ಎಂದ ಅಪ್ಪ. "ಆಪರೇಷನ್ ಆದ ಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನೀವ್ಯಾರೂ ಕೇಳಲಿಲ್ಲ."

ಅಂಕದಕ್ಕ ಮುಚ್ಚಳವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದಳು. ಅವಳು ಕೇಳಿರಲಿಲ್ಲ. ಯಾರೂ ಅವನನ್ನು ಕೇಳಿರಲಿಲ್ಲ. ಆದರೂ ಬಂದು ಕೂತಿದ್ದರು. ನರ್ಸಮ್ಮ ಇದ್ದಾರೆಂಬುದನ್ನೂ ಮರೆತು ಅವಳು ಅಪ್ಪನ ಮೊಣಕಾಲ ಬಳಿ ಕೂತುಬಿಟ್ಟಳು.

"ಅಪ್ಪ, ಇಲ್ಲ ಅಂದುಬಿಡು. ಇದನ್ನ ಯಾರೂ ಬರ್ಕೊಳ್ಳಲ್ಲ. ಇವರಿಗೆ ನಾನು ಹೇಳ್ತೀನಿ. ಕರೆಂಟು ಕಮ್ಮಿ ಮಾಡಿದರೆ ನಿನ್ನ ಕೈ ಹೋಗುತ್ತೆ."

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಸ್ಥಿರವಾದ, ಬೆಚ್ಚಗಿನ ಕೈ. ಸರಿಯಾಗದ ಗಡಿಯಾರವನ್ನು ಸರಿಯಾಗಿದೆ ಎಂದು ಯಾವ ಗಿರಾಕಿಗೂ ಕೊಟ್ಟವನಲ್ಲ ನಾನು, ಈಗ ಈ ವಯಸ್ಸಿನಲ್ಲಿ ಶುರು ಮಾಡಲೇ ಎಂದ. ನನಗೆ ಕೈ ಬೇಡವೆಂದಲ್ಲ ಪುಟ್ಟಿ, ಆಸೆ ಇದೆ. ಆದರೆ ಬೆಳಿಗ್ಗೆಯಿಂದ ಸಂಜೆ ತನಕ ನಾನು ಸರಾಗವಾಗಿ ಕೆಲಸ ಮಾಡುವಾಗ ಪಕ್ಕದಲ್ಲಿ ಅವರು ನನ್ನ ನಡುಕವನ್ನು ಹೊತ್ತುಕೊಂಡು ಕೂತಿರುತ್ತಾರೆ. ಮೇಜಿನ ಮೇಲೆ ಅವರ ಬೆರಳು ಬಡಿಯುವುದು ನನಗೆ ಕೇಳುತ್ತದೆ. ಎಷ್ಟು ದಿನ ಅಂತ ಕೇಳಿಸದವನ ಹಾಗೆ ಇರಲಿ?

ನರ್ಸಮ್ಮ ಬರೆದುಕೊಂಡರು. ಅಕ್ಷರ ಬಿಡದವರು, ಈಗಲೂ ಬಿಡಲಿಲ್ಲ.

ಕರೆಂಟು ಸರಿಪಡಿಸುವ ಕೋಣೆ ಅದೇ ಮಹಡಿಯ ಕೊನೆಯಲ್ಲಿತ್ತು. ದೊಡ್ಡ ಡಾಕ್ಟರು ಬಂದರು, ಕಾಗದ ಓದಿ ಅಂಕದಕ್ಕನ ಮುಖ ನೋಡಿದರು. ಬಾಯಿ ಒಣಗುವ ಪ್ರಶ್ನೆಯ ವಿಷಯ ಎತ್ತಲಿಲ್ಲ. ಆಮೇಲೆ ಎತ್ತುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಎತ್ತಲಿ ಬಿಡು ಎನ್ನಿಸಿತು. ಅಪ್ಪ ಅಲ್ಲಿಯೂ ಎಡಗಡೆಗೆ ಒಂದು ಕುರ್ಚಿ ಕೇಳಿದ. ಯಾರೂ ನಗಲಿಲ್ಲ. ನರ್ಸಮ್ಮ ಕುರ್ಚಿ ತಂದಿಟ್ಟರು. ಕೋಣೆಗೆ ಬಂದ ರೋಗಿಗಳಿಗೆಂದು ಇಡುವ ನೀರಿನ ಜಗ್ಗೂ ಲೋಟವೂ ಎಂದಿನಂತೆ ಮೇಜಿನ ಮೇಲಿದ್ದವು.

ಎದೆಯ ಪೆಟ್ಟಿಗೆಯ ಮೇಲೆ ನರ್ಸಮ್ಮ ಒಂದು ಬಿಲ್ಲೆ ಇಟ್ಟರು, ಕೈಯಲ್ಲಿದ್ದ ಯಂತ್ರದ ಬಟನ್ ಒತ್ತಿದರು. ಮೂರರಲ್ಲಿದ್ದ ಕರೆಂಟು ಎರಡೂವರೆಗೆ ಇಳಿಯಿತು. ಇದ್ದಾರಾ ಎಂದರು ಡಾಕ್ಟರು. ಇದ್ದಾರೆ ಎಂದ ಅಪ್ಪ. ಎರಡು. ಇದ್ದಾರೆ. ಒಂದೂವರೆಗೆ ಬಂದಾಗ ಅವನ ಹೆಬ್ಬೆರಳು ಅಲುಗಿತು. ಅಂಕದಕ್ಕ ಅದನ್ನು ನೋಡಿದಳು, ತಡೆಯಲಾಗಲಿಲ್ಲ, ಸಾಕು ಸರ್ ಎಂದಳು. ಅಪ್ಪ ಅವಳ ಕಡೆ ನೋಡದೆ ಇಳಿಸಿ ಎಂದ. ಒಂದು. ಮಣಿಕಟ್ಟಿನ ತನಕ ನಡುಕ ಏರಿತು, ತೊಡೆಯ ಮೇಲಿನ ಪ್ಯಾಂಟಿನ ಬಟ್ಟೆ ಪಟಪಟ ಅಲುಗಿತು. ಇದ್ದಾರೆ. ಅರ್ಧ. ಮುಖದ ಮೇಲಿನ ಗೆಲುವೆಲ್ಲ ಇಳಿದುಹೋಗಿ, ಆರು ವರ್ಷ ಕಿಟಕಿಯ ಬಳಿ ಕೂತಿದ್ದ ಆ ಮುಖ ತಿರುಗಿ ಬಂತು. ಇದ್ದಾರೆ. ನರ್ಸಮ್ಮ ಕೊನೆಯ ಸಲ ಒತ್ತಿದರು. ಸೊನ್ನೆ.

ಅಪ್ಪನ ಎರಡೂ ಕೈ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿದ್ದವು. ಈಗ ಇದ್ದಾರಾ ಎಂದು ಡಾಕ್ಟರು ಬಗ್ಗಿ ಕೇಳಿದರು. ಅಪ್ಪ ಕತ್ತನ್ನು ಕಷ್ಟಪಟ್ಟು ಎಡಕ್ಕೆ ತಿರುಗಿಸಿದ. ಖಾಲಿ ಕುರ್ಚಿಯನ್ನು ನೋಡುತ್ತ ನೋಡುತ್ತ ಅವನ ಕಣ್ಣಲ್ಲಿ ನೀರು ತುಂಬಿತು.

"ಇದ್ದಾರೆ" ಎಂದ, ತೊದಲುತ್ತ. "ಈಗ ಅವರ ಕೈ ನಿಂತಿದೆ."

ದೊಡ್ಡ ಡಾಕ್ಟರು ನೆಟ್ಟಗೆ ನಿಂತರು. ಕರೆಂಟೇ ಇಲ್ಲದಾಗಲೂ ಇದ್ದಾರೆಂದ ಮೇಲೆ ಇವರ ಮಟ್ಟಿಗೆ ಕಮ್ಮಿ ಮಾಡಿ ಏನು ಸುಖ ಎಂದರು. ಬೇರೆ ಮಾತ್ರೆ ಕೊಟ್ಟು ನೋಡೋಣ, ಕರೆಂಟನ್ನು ಮೊದಲಿನಷ್ಟಕ್ಕೇ ಏರಿಸಿಬಿಡಿ ಎಂದರು. ಅಂಕದಕ್ಕನಿಗೆ ಹೋದ ಜೀವ ಬಂದಂತಾಯಿತು. ಅಪ್ಪನ ಕೈ ಉಳಿಯಿತು. ಬೇಗ ಒತ್ತಿ ಎಂದು ಅವಳೇ ನರ್ಸಮ್ಮನ ಹೆಗಲು ಮುಟ್ಟಿದಳು. ನರ್ಸಮ್ಮನ ಬೆರಳು ಬಟನಿನ ಮೇಲೆ ಹೋಯಿತು.

ಅಪ್ಪ ಬಡಿದುಕೊಳ್ಳುತ್ತಿದ್ದ ಕೈಯೊಂದನ್ನು ಎತ್ತಿ ಯಂತ್ರಕ್ಕೆ ಅಡ್ಡ ಹಿಡಿದ.

"ಒಂದೈದು ನಿಮಿಷ ತಡೀರಿ" ಎಂದ. "ಪಾಪ, ನೀರು ಕುಡೀತಿದಾರೆ."

ನರ್ಸಮ್ಮ ಬೆರಳು ತೆಗೆದರು. ಅಂಕದಕ್ಕ ಅಪ್ಪನ ಮುಖವನ್ನೇ ನೋಡುತ್ತ ನಿಂತಳು, ಮೇಜಿನ ಕಡೆ ತಿರುಗುವ ಧೈರ್ಯ ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು, ಆರಾಯಿತು. ಮುಗೀತಾ ಅಪ್ಪ ಎಂದು ಅವಳು ಕೊನೆಗೂ ಕೇಳಿದಳು.

"ಇಲ್ಲ ಪುಟ್ಟಿ" ಎಂದ ಅಪ್ಪ. "ಆರು ತಿಂಗಳಿಂದ ಬಾಯಾರಿ ಕೂತಿದ್ರು."